ಉಳಿದ ಕಣ್ಣು

"ಈ ಎರಡನೇದು ಯಾರು ಮಾಡಿದ್ದು?" ಎಂದರು ದೊಡ್ಡ ಡಾಕ್ಟರು, ಪರದೆಯಿಂದ ಕಣ್ಣು ಕೀಳದೆ.

ಭೌತತಜ್ಞೆ ಕುರ್ಚಿಯಿಂದ ಎದ್ದು ನಿಂತಳು. ಕ್ಯಾನ್ಸರಿನ ಮೇಲೆ ಕಿರಣ ಯಾವ ಕಡೆಯಿಂದ ಬೀಳಬೇಕು, ಎಷ್ಟು ಬೀಳಬೇಕು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ಪರದೆಯ ಮೇಲೆ ಒಬ್ಬ ರೋಗಿಯದೇ ತಲೆ ಎರಡು ಸಲ ಮೂಡಿತ್ತು. ಮೊದಲನೆಯದು ಅವಳ ಲೆಕ್ಕ, ಎಕ್ಸ್‌ರೇ ಕಿರಣದಿಂದ ಗಡ್ಡೆ ಸುಡುವ, ಅವರ ಆಸ್ಪತ್ರೆಯ ಹೊಸ ಯಂತ್ರದ್ದು.

"ಎದುರು ಆಸ್ಪತ್ರೆಯ ಗೆಳತಿ ಮಾಡ್ಕೊಟ್ಟಳು ಸರ್. ಪ್ರೋಟಾನ್ ಕಿರಣದ್ದು. ಹೆಸರು ಅಳಿಸಿಯೇ ಸ್ಕ್ಯಾನ್ ಕಳಿಸಿದ್ದೆ. ನಿಮ್ಮನ್ನ ಕೇಳಲಿಲ್ಲ."

ಕೇಳುವ ಧೈರ್ಯವಾದರೂ ಎಲ್ಲಿತ್ತು? ಆ ಹೊಸ ಯಂತ್ರಕ್ಕಾಗಿ ಡಾಕ್ಟರು ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ್ದರು. ಎದುರು ಆಸ್ಪತ್ರೆಯ ಮುಖ್ಯಸ್ಥನೋ, ಅವರ ಕೈಯಲ್ಲೇ ಪಳಗಿ, ಜಗಳವಾಡಿ ಹೊರಟುಹೋದ ಶಿಷ್ಯ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ರೋಗಿ ಹೊರಗೆ ಬೆಂಚಿನ ಮೇಲೆ ಕೂತು ಪಕ್ಕದವರನ್ನು ನಗಿಸುತ್ತಿದ್ದ. ಕ್ಷೌರಿಕ. ಮೂಗಿನ ಪಕ್ಕದ ಸೈನಸ್ಸಿನಲ್ಲಿ ಗಡ್ಡೆ, ಕಣ್ಣಿಗೆ ಅಂಟಿಕೊಂಡಂತೆ. ಇನ್ನೊಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿತ್ತು.

ಡಾಕ್ಟರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. ಮೊದಲ ಚಿತ್ರದಲ್ಲಿ ಕಿರಣಗಳು ಗಡ್ಡೆಯನ್ನು ಸುಟ್ಟು ಆಚೆಗೂ ಹಾಯುತ್ತಿದ್ದವು. ಅವಳು ಯಾವ ಕೋನಕ್ಕೆ ತಿರುಗಿಸಿದರೂ ಕಣ್ಣಿನ ನರದ ಅಂಚು, ಕಿರಣ ಹೆಚ್ಚು ಬಿದ್ದ ಗುರುತಾಗಿ, ಕೆಂಪಾಗುತ್ತಿತ್ತು. ಎರಡನೆಯದರಲ್ಲಿ ಕಿರಣ ಗಡ್ಡೆಯವರೆಗೆ ಹೋಗಿ, ಮುಂದೆ ಬಾಗಿಲು ಹಾಕಿದಂತೆ ಅಲ್ಲೇ ನಿಂತಿತ್ತು. ನರ ತಣ್ಣಗೆ ನೀಲಿಯಾಗಿತ್ತು.

"ನಮ್ಮದನ್ನ ಇನ್ನೂ ಸ್ವಲ್ಪ ತಿದ್ದೋಕಾಗುತ್ತಾ?"

"ನರ ಉಳಿಸೋಕೆ ಹೋದ್ರೆ ಗಡ್ಡೆನೂ ಉಳಿಯುತ್ತೆ ಸರ್."

ಇನ್ನು ಬಿತ್ತು ಬೈಗುಳ ಎಂದುಕೊಂಡಳು ಅವಳು. ಡಾಕ್ಟರು ಮೇಜಿನ ಮೇಲಿನ ಫೋನೆತ್ತಿ ಆ ಹಳೆಯ ಶಿಷ್ಯನ ನಂಬರು ಒತ್ತಿದರು.

"ನಾನು ಕಣಯ್ಯಾ... ಹ್ಞೂಂ, ನಾನೇ. ಒಂದು ಕಣ್ಣು ಉಳಿಸ್ಬೇಕು. ಎಲ್ಲ ರೋಗಿಗಳಿಗೂ ಈ ಮಾತು ಹೇಳಲ್ಲ, ಆದ್ರೆ ಇವನಿಗೆ ನಿನ್ನ ಯಂತ್ರವೇ ಸರಿ. ಬೇಗ ತಗೋತೀಯಾ?" ಆ ಕಡೆಯವನು ಏನೋ ಹೇಳುತ್ತಲೇ ಇದ್ದ. "ಬಯ್ಯೋದನ್ನ ಎದುರಿಗೇ ಬಯ್ಯುವೆಯಂತೆ. ನಾನೇ ಕರ್ಕೊಂಡು ಬರ್ತೀನಿ."

ಎದುರು ಆಸ್ಪತ್ರೆಗೆ ಹೋಗಲು ಕ್ಷೌರಿಕ ಸುತರಾಂ ಒಪ್ಪಲೊಲ್ಲ. "ನಿಮ್ಮ ಕೈಗುಣ ನಂಬಿ ಬಂದವನು ನಾನು."

"ಕೈ ಯಾರದಾದ್ರೇನಪ್ಪಾ, ಕಣ್ಣು ನಿಂದು. ಏಳು."

ಆ ಸಿಡುಕು ಮನುಷ್ಯ ರೋಗಿಯ ಹೆಗಲ ಮೇಲೆ ಕೈ ಹಾಕಿ ರಸ್ತೆ ದಾಟಿಸುವುದನ್ನು ಭೌತತಜ್ಞೆ ಕಿಟಕಿಯಿಂದ ನೋಡಿದಳು. ಇಷ್ಟು ವರ್ಷ ಅವರೆಂದರೆ ಹೆದರಿಕೆಯಿತ್ತು. ಈಗ ಅವಳಿಗೆ ಕಣ್ಣು ತುಂಬಿ ರಸ್ತೆಯೇ ಕಾಣಲಿಲ್ಲ.

ಕೆಲವು ತಿಂಗಳ ಮೇಲೆ ಕ್ಷೌರಿಕ ಹೇಳದೆ ಕೇಳದೆ ಡಾಕ್ಟರ ಕೋಣೆಗೆ ಬಂದ. ಕೆನ್ನೆ ಕಪ್ಪಿಟ್ಟಿತ್ತು, ಮೂಗು ಒಣಗಿತ್ತು, ಗಡ್ಡೆ ಕರಗಿತ್ತು. ಕಣ್ಣಿಗೆ ಟಾರ್ಚ್ ಹಿಡಿಯಲು ಬಂದ ಡಾಕ್ಟರ ಕೈ ಸರಿಸಿ, ಅವರನ್ನೇ ಒಮ್ಮೆ ದಿಟ್ಟಿಸಿದ.

"ಯಾರ ಹತ್ರ ಕಟಿಂಗ್ ಮಾಡಿಸ್ಕೊಂಡ್ರಿ ಸರ್? ಕಿವಿ ಪಕ್ಕ ನಾಲ್ಕು ಕೂದಲು ಹಾಗೇ ಬಿಟ್ಟಿದ್ದಾನೆ ಪುಣ್ಯಾತ್ಮ!"

ಎನ್ನುತ್ತಲೇ ಜೇಬಿನಿಂದ ಕತ್ತರಿ ತೆಗೆದ. ದೊಡ್ಡ ಡಾಕ್ಟರು, ಅಷ್ಟು ಜನ ನರ್ಸುಗಳ ಎದುರು, ಅವನ ಮುಂದೆ ತಲೆ ಬಗ್ಗಿಸಿದರು.