ತರಬೇತುದಾರರ ಸಹಿ

ಅರ್ಪಿತಾ ಅರ್ಜಿ ಹಿಡಿದು ಬಂದಾಗ ಅತಾವುಲ್ಲಾ ಏಣಿ ಹತ್ತಿ, ಕೊಪ್ಪದ ಆ ಕಾಲೇಜಿನ ಗೋಡೆಯ ಫಲಕದಲ್ಲಿ ೨೦೦೪ರಲ್ಲಿ ರ‍್ಯಾಂಕ್ ಬಂದವರ ಹೆಸರು ಬರೆಯುತ್ತಿದ್ದರು.

"ಯೂನಿವರ್ಸಿಟಿ ಯುವಜನೋತ್ಸವಕ್ಕೆ ನಮ್ಮ ಚಿತ್ರಕಲೆ ತಂಡ ಹೊರಟಿದೆ. ಇಲ್ಲೊಂದು ಸೈನ್ ಹಾಕಿ."

ಅವಳ ಬೆರಳು 'ತರಬೇತುದಾರರು' ಎಂಬಲ್ಲಿತ್ತು. ಕಾಲೇಜಿನಲ್ಲಿ ಚಿತ್ರಕಲೆಗೆ ಮೇಷ್ಟ್ರಿರಲಿಲ್ಲ. ಎರಡು ತಿಂಗಳಿಂದ ದಿನಾ ಸಂಜೆ ಕ್ಯಾಂಟೀನಿನ ಹಿಂದೆ ಐದು ಮಂದಿಗೆ ಬಣ್ಣ ಬೆರೆಸುವುದನ್ನು ಕಲಿಸಿದ್ದು ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆಯುವ ಇದೇ ಅತಾವುಲ್ಲಾ.

"ನಾನು ಓದಿದ್ದು ನಾಲ್ಕನೇ ಕ್ಲಾಸು ಮಾರಾಯ್ತಿ. ಯಾರಾದ್ರೂ ಲೆಕ್ಚರರ್ ಹತ್ರ ಹಾಕಿಸ್ಕೋ. ನನ್ನ ಓದು ಕೇಳಿದ್ರೆ ನಿಮ್ಮನ್ನ ಒಳಗೇ ಬಿಡ್ಲಿಕ್ಕಿಲ್ಲ."

"ಬಿಡದಿದ್ರೆ ಐದು ಜನಾನೂ ವಾಪಸ್ ಬರ್ತೀವಿ. ಪ್ರಿನ್ಸಿಪಾಲರಿಗೂ ಹೇಳಿಯಾಯ್ತು."

ಅತಾವುಲ್ಲಾ ಇಳಿದು ಬಂದರು. ಅಂಗಿಗೆ ಕೈ ಒರೆಸಿಕೊಂಡು, ಪೆನ್ನನ್ನು ಕುಂಚದಂತೆ ಹಿಡಿದು ಗುಂಡಗೆ ಹೆಸರು ಬರೆದರು. ಅದು ಗೆರೆ ದಾಟಿ ಕೆಳಗಿನ ಸಾಲಿಗೂ ಇಳಿಯಿತು.

ಅರ್ಪಿತಾ ಅರ್ಜಿ ಮಡಿಸಿದಳು. "ನಾಳೆ ಬೆಳಿಗ್ಗೆ ಏಳಕ್ಕೆ ಬಸ್ಸು. ನೀವೂ ಬರಬೇಕು, ಸರ್."

ಯಾವ ಮೇಷ್ಟ್ರು ಬಂದರೋ ಎಂದು ಅತಾವುಲ್ಲಾ ಗಡಿಬಿಡಿಯಿಂದ ಹಿಂದೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.