ಒಂಬತ್ತನೇ ಕೈ

ಒಂಬತ್ತು ಸದಸ್ಯರಲ್ಲಿ ಪರವಾಗಿ ಮತ ಹಾಕಲು ನಾಲ್ವರ ಕೈ ಮೇಲೆದ್ದಿತ್ತು, ನಾಲ್ವರು ಕೈಕಟ್ಟಿ ಕೂತಿದ್ದರು. ಪೊಲೀಸರು ಯಾರ ಮೇಲೆ ಕೈಮಾಡಿದರೂ ಕ್ಯಾಮೆರಾ ದೃಶ್ಯವನ್ನು ಜನರ ಮುಂದಿಡಬೇಕೆಂಬ ನಿಯಮಕ್ಕಾಗಿ, ಮಿಸಿಸಿಪ್ಪಿ ದಡದ ಆ ಊರಿನ ನಗರಸಭೆಗೆ ಮೂರು ವರ್ಷ ಅಲೆದಿದ್ದ ಅರ್ಲೀನ್ ಅಜ್ಜಿ ಬೆಂಚಿನ ತುದಿಗೆ ಜರುಗಿದಳು. ಉಳಿದವನು ನಿವೃತ್ತ ಪೊಲೀಸ್ ವೆಂಡೆಲ್ ಒಬ್ಬನೇ.

"ಮಿಸ್ ಅರ್ಲೀನ್, ಹೋದ್ವರ್ಷ ಇಲ್ಲೇ ನನ್ನನ್ನ ಸುಳ್ಬುರುಕ ಅಂದಿದ್ರಲ್ಲ?"

"ಅಂದಿದ್ದೆ. ಇನ್ನೊಂದ್ಸಲ ಅನ್ಲಾ?"

ಸಭೆ ಗೊಳ್ಳೆಂದಿತು. ವೆಂಡೆಲ್ ಮಾತ್ರ ನಗಲಿಲ್ಲ. ಅವಳು ಹುಡುಕಿ ತಂದಿದ್ದ ಹಳೆಯ ಪೊಲೀಸ್ ವರದಿಗಳ ಕಂತೆಯಿಂದ ಒಂದು ಹಾಳೆ ಎಳೆದು ಎತ್ತಿ ಹಿಡಿದ. "ಇದು ನಾನೇ ಬರ್ದಿದ್ದು. ಒಬ್ಬ ಹುಡ್ಗ ನನ್ಮೇಲೆ ಬಿದ್ದ ಅಂತ ಬರ್ದಿದೀನಿ. ಪಾಪ, ಸುಮ್ನೆ ನಿಂತಿದ್ದ. ಹೊಡ್ದಿದ್ದು ನಾನು. ನೀವಂದಿದ್ದು ನಿಜ."

ಎತ್ತಿದ ಕೈಯನ್ನು ಅವನು ಇಳಿಸಲೇ ಇಲ್ಲ. "ಅದು ಮತಾನಾ ಸಾರ್?" ಎಂದು ಗುಮಾಸ್ತೆ ಅನುಮಾನಿಸಿದಳು.

"ಮತಾನೇ ಕಣಮ್ಮ, ಬರ್ಕೋ!"

ಅರ್ಲೀನ್ ಅಜ್ಜಿ ಮಂಡಿನೋವು ಮರೆತು, ಬೆಂಚು ಹತ್ತಿ ನಿಂತು ಚಪ್ಪಾಳೆ ತಟ್ಟಿದಳು.