ನೆಲದಡಿಯ ದಾಳ

ಕಂದು ಮಣಿಗಳು ಮುಗಿದುಹೋದಾಗಲೇ ಅತ್ತಿಗೆಗೆ ಅನುಮಾನ ಬಂದದ್ದು. ಮೋಡದ ಬಿಳಿ ಮಣಿ, ನದಿಯ ನೀಲಿ ಮಣಿ, ಕಡಲಿನ ಹಸಿರು ಮಣಿ ಎಲ್ಲ ಡಬ್ಬಿಗಳಲ್ಲಿ ಹಾಗೇ ಇದ್ದವು. ನೆಲದಡಿಯ ಡಬ್ಬಿ ಮಾತ್ರ ತಳ ಕಂಡಿತ್ತು. ತಲೆ ಎತ್ತಿದರೆ ಶಾಲೆಯ ಸಭಾಂಗಣವೂ ಖಾಲಿ. ಈ ಗೋಡೆಯಿಂದ ಆ ಗೋಡೆಗೆ ಹಾಸಿದ್ದ ನೀಲಿ ಬಟ್ಟೆಯ ನದಿಯಲ್ಲಿ ಒಂದು ಹನಿಯೂ ಇರಲಿಲ್ಲ.

ಹನಿಗಳೆಂದರೆ ಮಕ್ಕಳು. ಬೆಟ್ಟದ ಮೇಲೆ ಬಿದ್ದ ಮಳೆ ಎಲ್ಲೆಲ್ಲಿ ಸುತ್ತಿ ನದಿಗೆ ಬಂದು ಸೇರುತ್ತದೆಂದು ಶಾಲೆಯಿಂದ ಶಾಲೆಗೆ ಹೋಗಿ ಹೇಳಿಕೊಡುವುದು ಅತ್ತಿಗೆ ನಾದಿನಿಯರ ಕೆಲಸ. ಅತ್ತಿಗೆ ಪಾಠ ಮಾಡುವವಳು. ನಾದಿನಿ ಬಟ್ಟೆ ಹೊಲಿದು, ದಾಳ ಮಾಡಿ, ಮಣಿ ಹಂಚುವವಳು. ಮಕ್ಕಳ ಬಾಯಲ್ಲಿ ಅವಳು ಮಣಿ ಮಿಸ್. ಆಟದಲ್ಲಿ ಪ್ರತಿ ಮಗುವೂ ಒಂದು ಹನಿ. ಮೋಡ, ನದಿ, ಕಡಲು, ನೆಲದಡಿ ಎಂದು ಒಂದೊಂದು ಜಾಗಕ್ಕೂ ಒಂದೊಂದು ಮರದ ದಾಳ; ನಿಂತ ಜಾಗದ ದಾಳವನ್ನು ಉರುಳಿಸಬೇಕು, ಅಲ್ಲಿನ ಬಣ್ಣದ ಒಂದು ಮಣಿ ಪೋಣಿಸಿಕೊಳ್ಳಬೇಕು, ದಾಳ ಹೇಳಿದಂತೆ ಅಲ್ಲೇ ಉಳಿಯಬೇಕು, ಇಲ್ಲವೇ ಮುಂದಕ್ಕೆ ಹೋಗಬೇಕು. ಉದ್ದನೆಯ ಮೇಜುಗಳ ಮೇಲಿಂದ ಕಂದು ಕಂಬಳಿ ಇಳಿಬಿಟ್ಟಿದ್ದರು. ಅದರಡಿಯ ಕತ್ತಲೆಯೇ ಮಳೆನೀರು ಇಂಗಿ ನಿಲ್ಲುವ ನೆಲದಡಿ.

ಈಗ ಇಡೀ ತರಗತಿ ಆ ಕಂಬಳಿಯೊಳಗಿತ್ತು. ಪಿಸುಮಾತು, ಯಾರದೋ ತಡೆದ ನಗು, ಮಣಿಗೆ ಮಣಿ ತಾಗುವ ಸಣ್ಣ ಸದ್ದು. ಹೊರಗೆ ಕಿಟಕಿಯ ಬಿಸಿಲು ನೀಲಿ ಬಟ್ಟೆಯ ಮೇಲೆ ನಿಧಾನವಾಗಿ ಸರಿಯುತ್ತ, ಯಾರೂ ಇಲ್ಲದ ನದಿ ತನ್ನಷ್ಟಕ್ಕೆ ಹರಿದಂತೆ ಕಾಣುತ್ತಿತ್ತು. ಮಣಿ ಮಿಸ್ ಮೇಜಿಗೆ ಒರಗಿ ಅದನ್ನೇ ನೋಡುತ್ತ ಕುಳಿತಿದ್ದಳು. ಒಳಗಿನ ತಂಪು ಕಂಬಳಿ ದಾಟಿ ಅವಳ ಬೆನ್ನಿಗೂ ತಾಗಿದಂತಿತ್ತು. ಎಷ್ಟು ಹೊತ್ತಿನಿಂದ ಹೀಗೆ ಕುಳಿತಿದ್ದೇನೆಂಬುದೂ ಅವಳಿಗೆ ತಿಳಿದಿರಲಿಲ್ಲ.

ಅತ್ತಿಗೆ ಮಂಡಿಯೂರಿ ಕಂಬಳಿ ಎತ್ತಿದಳು. ಯಾಕೆ ಯಾರೂ ಹೊರಗೆ ಬರುತ್ತಿಲ್ಲವೆಂದು ಕೇಳಿದರೆ, ದಾಳ ಬಿಡುತ್ತಿಲ್ಲವೆಂದು ಎಲ್ಲರದೂ ಒಂದೇ ದೂರು. ಪುಟ್ಟ ಕೈಯೊಂದು ಅದನ್ನು ಹೊರಗೆ ಚಾಚಿತು. ಅತ್ತಿಗೆ ತಿರುಗಿಸಿ ನೋಡಿದಳು, ಮತ್ತೆ ತಿರುಗಿಸಿದಳು. ನಾಲ್ಕು ಮುಖಗಳಲ್ಲಿ ‘ಇಲ್ಲೇ ಇರು’, ಎರಡರಲ್ಲಿ ‘ಹೊರಡು’ ಎಂದಿರಬೇಕಿತ್ತು. ಆರಕ್ಕೆ ಆರರಲ್ಲೂ, ದುಂಡನೆಯ ಅಕ್ಷರದಲ್ಲಿ, ‘ಇಲ್ಲೇ ಇರು’.

“ಹಳೇದು ಬಿರುಕು ಬಿಟ್ಟಿತು ಅಂತ ಮಾಡಿದ ಹೊಸ ದಾಳ ಅಲ್ವಾ ಇದು? ಯಾವತ್ತು ಬರೆದೆ?”

ನಾದಿನಿ ದಾಳವನ್ನು ಕೈಗೆ ತೆಗೆದುಕೊಂಡಳು. ಒಂದೊಂದೇ ಮುಖದ ಮೇಲೆ ಬೆರಳಾಡಿಸಿದಳು.

“ನೀವು ಬೆಟ್ಟದ ವಿಷಯ ಎತ್ತಿದ್ರಲ್ಲ, ಅವತ್ತು.”

ನದಿ ಹುಟ್ಟುವ ಬೆಟ್ಟದ ಮೇಲೆ ಇವರ ಕಾರ್ಯಕ್ರಮದ ಹೊಸ ಕೇಂದ್ರ ಶುರುವಾಗುವುದಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಸುತ್ತ ನಾಲ್ಕಾರು ಶಾಲೆ. ಅದನ್ನು ನೀನೇ ನೋಡಿಕೋ ಎಂದಿದ್ದಳು ಅತ್ತಿಗೆ. ಗಂಡ ತೀರಿಕೊಂಡ ಮೇಲೆ ನಾಲ್ಕು ದಿನ ಇದ್ದು ಹೋಗೋಣವೆಂದು ಅಣ್ಣನ ಮನೆಗೆ ಬಂದವಳು ಇವಳು. ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಪಕ್ಕಕ್ಕೆ ಇವಳ ಹಾಸಿಗೆ ಬಿತ್ತು. ಕಿಟಕಿಗೆ ಇವಳೇ ಹೊಲಿದ ಪರದೆ ಬಿಸಿಲಿಗೆ ಬಣ್ಣ ಬಿಟ್ಟಿತು. ಯಾರೂ ಹೋಗೆನ್ನಲಿಲ್ಲ; ಹೋಗುವುದನ್ನು ಇವಳೂ ಮರೆತಳು. ನಾಳೆ ಬೆಳಿಗ್ಗೆ ವ್ಯಾನು ಬೆಟ್ಟಕ್ಕೆ ಹೊರಡಲಿತ್ತು. ಇವಳು ಒಲ್ಲೆನೆಂದರೆ ಆ ಕೋಣೆ ಇನ್ನೊಬ್ಬರಿಗೆ. ಕೇಳಿದಾಗಲೆಲ್ಲ ನೋಡೋಣ ಅತ್ತಿಗೆ ಎನ್ನುತ್ತಲೇ ದಿನ ತಳ್ಳಿದ್ದಳು.

“ನಿನ್ನ ಬಾಯಿಂದ ಒಂದು ಉತ್ತರ ಬರಲಿ ಅಂತ ನಾನು ಕಾದಿದ್ದೇ ಬಂತು. ಇಲ್ಲಿ ನೋಡಿದ್ರೆ ಆರಾರು ಸಲ ಬರೆದಿಟ್ಟಿದ್ದೀಯ” ಎಂದಳು ಅತ್ತಿಗೆ. ನಗಿಸಲೆಂದು ಶುರುಮಾಡಿದ್ದು ಅರ್ಧಕ್ಕೇ ಮೆತ್ತಗಾಯಿತು. “ನಾನೇನು ನಿನ್ನ ದಬ್ತಾ ಇಲ್ಲ ಕಣೆ. ನೀನು ಹೋದ್ರೆ ಮನೇಲಿ ಜಗಳ ಆಡೋಕೆ ನಿಮ್ಮಣ್ಣ ಒಬ್ರೇ. ಅವರಿಗೋ ಜಗಳ ಆಡೋಕೂ ಬರಲ್ಲ.”

“ಬೇಕು ಅಂತ ಬರೀಲಿಲ್ಲ ಅತ್ತಿಗೆ. ಕೈ ತಾನೇ ಬರೀತಾ ಹೋಯ್ತು.”

ಕಂಬಳಿಯ ಅಂಚಿನಿಂದ ಒಂದು ಮುಖ ಇಣುಕಿತು. ಆಟ ಶುರುವಾದಾಗ ಎಲ್ಲರಿಗಿಂತ ಮೊದಲು ನೆಲದಡಿಗೆ ಇಳಿದಿದ್ದ ಎರಡು ಜಡೆಯ ಹುಡುಗಿ. ಅವಳ ದಾರದ ತುಂಬ ಬರೀ ಕಂದು.

“ಮಣಿ ಮಿಸ್, ಒಳಗೆ ತಣ್ಣಗಿದೆ. ಚೆನ್ನಾಗೂ ಇದೆ. ಆದ್ರೆ ನಾನಿನ್ನೂ ಕಡಲು ನೋಡೇ ಇಲ್ಲ.”

ಮಣಿ ಮಿಸ್ ಚೀಲದಿಂದ ಉಪ್ಪು ಕಾಗದ ತೆಗೆದು ದಾಳದ ಒಂದು ಮುಖವನ್ನು ಉಜ್ಜಿದಳು. ಮರದ ಪುಡಿ ಅವಳ ಮಡಿಲಿಗೆ ಉದುರಿತು. ನೀಲಿ ಬಣ್ಣದಲ್ಲಿ ಕುಂಚ ಅದ್ದಿ, ಇಷ್ಟಗಲ ಅಕ್ಷರದಲ್ಲಿ ಬರೆದಳು: ಹೊರಡು. ಒಣಗಲಿ ತಡಿ ಎಂದು ಅತ್ತಿಗೆ ಹೇಳುವಷ್ಟರಲ್ಲಿ ಹುಡುಗಿ ಅದನ್ನು ಕಸಿದುಕೊಂಡು ಉರುಳಿಸಿಯೂ ಆಗಿತ್ತು. ದಾಳ ಒಂದೇ ಮಗ್ಗುಲು ಹೊರಳಿ ನಿಂತಿತು. ಮೇಲೆ, ‘ಇಲ್ಲೇ ಇರು’.

ಕಂಬಳಿಯೊಳಗೆ ನಿಟ್ಟುಸಿರು. ಹುಡುಗಿಯ ಮುಖ ಸಣ್ಣದಾಯಿತು. ಮಣಿ ಮಿಸ್ ಬಗ್ಗಿ ದಾಳ ಎತ್ತಿದಳು. ಅಡಿಯಾಗಿ ಬಿದ್ದಿದ್ದ ಹಸಿ ಮುಖ ನೆಲಕ್ಕೆ ಅಚ್ಚೊತ್ತಿತ್ತು. ತಿರುವುಮುರುವಾಗಿ, ನೀಲಿಯಲ್ಲಿ, ‘ಹೊರಡು’.

“ಇದು ಲೆಕ್ಕಕ್ಕೆ ಬರುತ್ತಾ ಮಿಸ್?”

“ಬರುತ್ತೆ” ಎಂದಳು ಅವಳು. ನೆಲದಿಂದ ಕಣ್ಣು ತೆಗೆಯದೆಯೇ ಕೇಳಿದಳು: “ಅತ್ತಿಗೆ, ವ್ಯಾನಲ್ಲಿ ಹೊಲಿಗೆ ಯಂತ್ರ ಹಿಡಿಸುತ್ತಾ?”

ಅತ್ತಿಗೆ ಉತ್ತರ ಕೊಡುವ ಮೊದಲೇ ಹುಡುಗಿ ಆ ಒದ್ದೆ ಅಕ್ಷರಗಳನ್ನು ತುಳಿದುಕೊಂಡು ಓಡಿದಳು. ನೆಲದ ಮೇಲೆ ಒಂದು ನೀಲಿ ಹಿಮ್ಮಡಿ, ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು, ಒಂದಕ್ಕಿಂತ ಒಂದು ತೆಳುವಾಗಿ. ಬಟ್ಟೆಯ ನದಿ ಸಿಕ್ಕಿದ ಮೇಲೆ ಗುರುತು ಕಾಣಲಿಲ್ಲ.